ಹೆಬ್ಬೆರಳಿನ ಜಿಡ್ಡು

ನಾನು ಕಲಬುರಗಿಯ ಬಿಸಿಲುಂಡು ಬೆಳೆದವನು. ಹೈದರಾಬಾದಿಗೆ ಬಂದು ನೆಲೆಸಿದ ಮೇಲೂ ಇಲ್ಲಿನ ಬಿಸಿಲಿಗೆ ಹೆದರಿ ತಲೆಗೆ ಕರ್ಚೀಫು ಕೂಡ ಹಾಕಿದವನಲ್ಲ. ನನ್ನ ಮಗಳೋ, ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರಿಗೆ ಹೊರಟರೂ ಸನ್‌ಸ್ಕ್ರೀನ್ ಬಳಿದುಕೊಂಡು, ಕಣ್ಣೆರಡು ಬಿಟ್ಟು ಮುಖವೆಲ್ಲ ಸ್ಕಾರ್ಫ್ ಸುತ್ತುವವಳು. ಅವಳ ಗೆಳತಿಯರೂ ಹಾಗೇ. ಗುಂಪಾಗಿ ಬಂದರೆ ನನ್ನವಳು ಯಾರೆಂದು ನನಗೇ ಗುರುತು ಹತ್ತುತ್ತಿರಲಿಲ್ಲ.

ಆ ಮೇ ತಿಂಗಳಲ್ಲಿ ಅವಳ ಪ್ರವೇಶ ಪರೀಕ್ಷೆ. ಮಧ್ಯಾಹ್ನದ ಪಾಳಿ, ಕೇಂದ್ರ ಶಂಶಾಬಾದಿನ ಆಚೆ. ಒಂದು ನಿಮಿಷ ತಡವಾದರೂ ಒಳಗೆ ಬಿಡುವುದಿಲ್ಲ, ಇಡೀ ವರ್ಷದ ಓದು ನೀರುಪಾಲು. ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಕುದಿಯುತ್ತಿದ್ದೆ. ಸ್ಕೂಟರಿನ ಹಿಂದಿನ ಸೀಟಿನಿಂದ ಕ್ರೀಮಿನ ವಾಸನೆ ಬಂದಾಗ ಪಿತ್ತ ನೆತ್ತಿಗೇರಿತು.

“ಪರೀಕ್ಷಾಕ್ಕ ಹೊಂಟೀಯೋ, ಮದುವಿಗೋ?”

“ಎರಡು ತಾಸಿಗೊಮ್ಮೆ ಹಚ್ಚಬೇಕಪ್ಪಾ. ನೀವು ಗಾಡಿ ನೋಡ್ರಿ.”

ಗೇಟು ಮುಟ್ಟಿದಾಗ ಹೊತ್ತು ಮುಗಿಯುತ್ತ ಬಂದಿತ್ತು. ಬಾಗಿಲಲ್ಲೇ ಬೆರಳಚ್ಚಿನ ಯಂತ್ರ. ಮಗಳು ಹೆಬ್ಬೆರಳಿಟ್ಟಳು, ಕೆಂಪು ದೀಪ. ಮತ್ತೆ ಇಟ್ಟಳು, ಮತ್ತೆ ಕೆಂಪು. ಬೆರಳಿಗೆಲ್ಲ ಕ್ರೀಮಿನ ಜಿಡ್ಡು! ಬಟ್ಟೆಗೆ ಒರೆಸಿದರೂ ಹೋಗಲಿಲ್ಲ. “ಟೈಮ್ ಅಯಿಪೋತುಂದಿ ಸಾರ್,” ಹೊತ್ತಾಗುತ್ತಿದೆ ಎಂದು ತೆಲುಗಿನಲ್ಲಿ ಅವಸರಿಸುತ್ತ ಕಾವಲುಗಾರ ಗೇಟಿಗೆ ಕೈ ಹಾಕಿದ. ಮಗಳ ಕಣ್ಣು ತುಂಬಿದವು.

ಬೈಯಲು ಬಾಯಿ ತೆರೆದವನು ಅವಳ ಕಣ್ಣು ನೋಡಿ ಬಗ್ಗಿದೆ. ರಸ್ತೆಯಂಚಿನ ಮಣ್ಣು ಹಿಡಿದು, ಜಿಡ್ಡಿನ ಪಾತ್ರೆ ತಿಕ್ಕುವ ಹಾಗೆ ಅವಳ ಹೆಬ್ಬೆರಳು ತಿಕ್ಕಿದೆ. “ಅಪ್ಪಾ, ನೋಯ್ತೈತಿ.” ಬಿಡಲಿಲ್ಲ. ಬಾಟಲಿಯ ನೀರು ಸುರಿದು ನನ್ನ ಅಂಗಿಗೆ ಒರೆಸಿದೆ.

ಹಸಿರು ದೀಪ. ಸ್ಕಾರ್ಫನ್ನೂ ಕ್ರೀಮಿನ ಟ್ಯೂಬನ್ನೂ ನನ್ನ ಕೈಗೆ ತುರುಕಿ ಒಳಗೆ ಓಡಿದಳು. ಅವಳ ಬೆನ್ನಿಗೇ ಗೇಟು ಮುಚ್ಚಿತು.

ಹೊರಗೆ ಒಂದು ಮರವೂ ಇರಲಿಲ್ಲ. ಮೂರು ತಾಸು ಅಲ್ಲೇ ನಿಂತೆ. ಮುಖ ಉರಿಯುತ್ತಿತ್ತು, ಕೈಯಲ್ಲಿ ಸ್ಕಾರ್ಫ್ ಇತ್ತು. ಉಳಿದ ಅಪ್ಪಂದಿರ ಎದುರು ಹುಡುಗಿಯರ ಅರಿವೆ ಸುತ್ತಿಕೊಳ್ಳುವುದೇ? ನಾಚಿಕೆ ಬಿಡಲಿಲ್ಲ.

ಮಗಳು ಹೊರಬಂದಳು. “ಪೇಪರ್ ಹೆಂಗಾತು?” ಎಂದು ಓಡಿದೆ.

ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. “ಚಲೋ ಆತು. ಆದರ ನಿಮ್ಮ ಮಾರಿ ಪೂರಾ ಸುಟ್ಟೈತಲ್ಲಪ್ಪಾ! ಸ್ಕಾರ್ಫ್ ಕೈಯಾಗ ಹಿಡಕೊಂಡು ನಿಂತೀರಿ?”

ಟ್ಯೂಬು ಕಸಿದುಕೊಂಡು ಬಿರಡೆ ತೆಗೆದಳು. “ಕಣ್ಣು ಮುಚ್ರಿ.”

ಅಪ್ಪಂದಿರೆಲ್ಲ ನಮ್ಮನ್ನೇ ನೋಡುತ್ತಿದ್ದರು. ನನ್ನ ಕೆನ್ನೆಗೆ ತಾಗಿದ ಅವಳ ಹೆಬ್ಬೆರಳು ಇನ್ನೂ ಒರಟಾಗಿತ್ತು. ಕಣ್ಣು ಮುಚ್ಚಿಕೊಂಡೇ ನಿಂತೆ.