ಮಹಾದೇವನ ದನಿ ಹಸನು ಮಾಡಿದ್ದು

ಯಲ್ಲಾಲಿಂಗನ ಮುತ್ಯಾ ಅಮಸಿದ್ದ. ನಿಡೋಣಿಯಿಂದ ಬಬಲೇಶ್ವರದವರೆಗೆ ಡೊಳ್ಳು ಹೊತ್ತು ನಡೆದು ಪದ ಹಾಡಿ, ಹೊಳ್ಳಿ ಬಂದು ಕುರಿ ಬಿಡುತ್ತಿದ್ದ ಗಟ್ಟಿ ಆಳು. ಅವನ ಮಗ, ಯಲ್ಲಾಲಿಂಗನ ಅಪ್ಪ, ಮಹಾದೇವ. ಅರಕೇರಿಯಲ್ಲಿ ಎದುರು ಮೇಳದವರು ಒಡ್ಡಿದ ಸವಾಲಿಗೆ ನಿಂತ ನಿಲುವಿನಲ್ಲೇ ಪದ ಕಟ್ಟಿ ಅವರ ಬಾಯಿ ಮುಚ್ಚಿಸಿದವ. ಅವನ ಹಿಂದೆ ಹದಿನೆಂಟು ವರ್ಷ ನಾನು ಹಾಡಿದ್ದೇನೆ.

ಯಲ್ಲಾಲಿಂಗನಿಗೆ ಕಂಠ ಒಲಿಯಲಿಲ್ಲ. ವಿಜಯಪುರದ ಇಬ್ರಾಹಿಂಪುರದಲ್ಲಿ ಒಂದು ಖೋಲಿ ಹಿಡಿದು, ಗೋಡೆಗೆಲ್ಲ ಹಳೇ ಕೌದಿ ಬಡಿದು, ಡೊಳ್ಳಿನ ಪದ ರೆಕಾರ್ಡ್ ಮಾಡುತ್ತಿದ್ದ. ರೈಲು ಬಂದರೆ ಹಾಡುವವರು ಬಾಯಿ ಮುಚ್ಚಿ ಕುಂತು, ಅದು ಹೋದ ಮೇಲೆ ಮತ್ತೆ ಶುರು ಮಾಡಬೇಕು. ಪುಕ್ಕಟೆ ಸಿಗುವ ಸಾಫ್ಟ್‌ವೇರಿನಲ್ಲೇ ಅವನ ಸಂಸಾರ ಸಾಗಿತ್ತು.

ಮಹಾದೇವ ತೀರಿಕೊಂಡಾಗ ಉಳಿದದ್ದು ಒಂದೇ ರೆಕಾರ್ಡಿಂಗ್. ಕುರಿಹಟ್ಟಿಯಲ್ಲಿ ಹಾಡಿದ್ದು, ಗಾಳಿ, ಕುರಿ, ನಾಯಿ ಎಲ್ಲ ಅದರೊಳಗೆ. ವರ್ಷದ ಪೂಜೆಗೆ ಅದನ್ನು ಹಸನು ಮಾಡಿ ಅವ್ವನಿಗೆ ಕೇಳಿಸಬೇಕು, ಅದಕ್ಕೆ ದೊಡ್ಡ ಸ್ಟುಡಿಯೋದವರ ತುಟ್ಟಿ ಸಾಫ್ಟ್‌ವೇರೇ ಬೇಕು ಎಂದು ಯಲ್ಲಾಲಿಂಗ ಹಟ ಹಿಡಿದ. ತಿಕೋಟಾದಲ್ಲಿ ಮೈಕ್‌ಸೆಟ್ ಇಟ್ಟ ಗೆಳೆಯ ಅಬ್ದುಲಸಮದ ನಕ್ಕ.

"ನೇಗಿಲಾ ಬೆಳ್ಳೀದ ಮಾಡಿಸಿದ್ರ ಜ್ವಾಳಾ ಮುತ್ತ ಆಗ್ತಾವೇನಲೇ?"

ಇವನು ಕೇಳಲಿಲ್ಲ. ಅಪ್ಪ ಬಿಟ್ಟುಹೋದ ಕುರಿ ಮಾರಿ ತಂದ.

ಬರೀ ಗದ್ದಲವಿರುವ ತುಣುಕೊಂದನ್ನು ಮೊದಲು ಆ ಸಾಫ್ಟ್‌ವೇರಿಗೆ ತೋರಿಸಬೇಕಂತೆ. ಅಂಥ ಸದ್ದನ್ನೇ ಹಾಡಿನುದ್ದಕ್ಕೂ ಹುಡುಕಿ ಕೀಳುತ್ತದೆ. ಯಲ್ಲಾಲಿಂಗ ಹಾಡಿಗೂ ಮುಂಚಿನ ತುಣುಕು ತೋರಿಸಿದ. ಆದರೆ ಮಹಾದೇವ ಪದ ಎತ್ತುವ ಮೊದಲು ಬಾಯಿ ಮುಚ್ಚಿ, ಎದೆಯೊಳಗೇ ಗುಂಯ್ ಅಂತ ಶ್ರುತಿ ಕೂಡಿಸಿ ಸೂರು ಹಿಡಿಯುತ್ತಿದ್ದ. ನಮ್ಮ ಮೇಳದ ಪದ್ಧತಿಯೇ ಅದು. ಗಾಳಿಯಲ್ಲಿ ಕಲೆತ ಆ ಸೂರನ್ನು ಮಗ ಗಾಳಿಯೆಂದೇ ತಿಳಿದ. ಸಾಫ್ಟ್‌ವೇರ್ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತು, ಗಾಳಿಯ ಜತೆ ಆ ಸೂರನ್ನೂ ಹಾಡಿನುದ್ದಕ್ಕೂ ಕಿತ್ತಿತು. ವಾರಗಟ್ಟಲೆ ಗದ್ದಲವನ್ನೇ ಹುಡುಕಿದ ಮಗನ ಕಿವಿಗೆ ಗದ್ದಲ ಹೋದದ್ದಷ್ಟೇ ಕೇಳಿತು. ತೂರಿದ ಮೇಲೆ ಹೊಟ್ಟು ಯಾಕೆಂದು ಹಳೆಯದನ್ನು ಅಳಿಸಿಬಿಟ್ಟ.

ನಿಡೋಣಿಯಲ್ಲಿ ಪೂಜೆಯ ದಿನ ಅವ್ವ ತಾಯವ್ವನ ಮುಂದೆ ಹಾಡು ಹಚ್ಚಿದ. ಅವಳು ಸೆರಗು ಸರಿಮಾಡಿಕೊಂಡು ಪೂರಾ ಕೇಳಿದಳು.

"ಚೊಲೋ ಐತಿ ಯಪ್ಪಾ. ಯಾರು ಹಾಡ್ಯಾರ ಇದನ್ನ?"

ಅಬ್ದುಲಸಮದ ಕಂಪ್ಯೂಟರ್ ಹೊತ್ತುಕೊಂಡು ಸೊಲ್ಲಾಪುರದ ತಿಳಿದವರ ಹತ್ತಿರ ಹೋಗಿಬಂದ. ಅಳಿಸಿದ್ದು ಸಿಗಲಿಲ್ಲ.

ಅಷ್ಟು ಬೆಲೆ ಕೊಟ್ಟದ್ದಕ್ಕೆ ಆ ಸಾಫ್ಟ್‌ವೇರ್ ಯೋಗ್ಯವೋ ಎಂದು ಜನ ಈಗಲೂ ಕೇಳುತ್ತಾರೆ. ಪುಕ್ಕಟೆಯದು ಅರೆಬರೆ ತೆಗೆಯುತ್ತಿತ್ತು. ಒಂದಿಷ್ಟು ಮಹಾದೇವ ಉಳಿಯುತ್ತಿದ್ದ. ಪೂರಾ ತೆಗೆಯುವುದಕ್ಕೇ ಅಷ್ಟು ಬೆಲೆ.

ಮೊನ್ನೆ ಇಬ್ರಾಹಿಂಪುರದ ಖೋಲಿಗೆ ಹೋದಾಗ ಯಲ್ಲಾಲಿಂಗ ಗೋಡೆಯ ಕೌದಿ ಬಿಚ್ಚುತ್ತಿದ್ದ. ಆ ಪದ, ಆ ಧಾಟಿ ನನ್ನ ಬಾಯಲ್ಲಿ ಇನ್ನೂ ಇದೆ, ಮಹಾದೇವನ ಹಾಗೇ ಹಾಡಿಕೊಡುತ್ತೇನೆ, ತುಂಬಿಕೋ ಎಂದೆ. ಅವನು ಮೊಳೆ ಕೀಳುವುದನ್ನು ನಿಲ್ಲಿಸಲಿಲ್ಲ.

"ಬ್ಯಾಡ ಕಾಕಾ. ನೀವು ಹಾಡಿದ್ರ ಚೊಲೋನ ಹಾಡ್ತೀರಿ. ಆಮ್ಯಾಲ ಅವ್ವಗ ಅದ ಅಪ್ಪನ ದನಿ ಅನಿಸಿಬಿಡತೈತಿ. ಆಕಿ ತಲ್ಯಾಗ ಉಳದ ದನಿ ಆದ್ರೂ ಇರಲಿ. ನೀವು ಮನಿಗೆ ನಡೀರಿ."