ಮಾನಿಟರ್ ಮೇಲೆ ಮಸಾಲೆ ದೋಸೆ

“ಇದ್ರಲ್ಲಿ ದೋಸೆ ಕರಟಿ ಹೋಗಿದೆ ಮಗಳೇ. ಅದ್ರಲ್ಲಿ ಇನ್ನೂ ಹಸಿ ಉಂಟು,” ಎಂದರು ಅಪ್ಪ, ಮುಂಬಯಿಯ ಕಾಂದಿವಲಿಯ ಅಂಗಡಿಯಲ್ಲಿ ಸಾಲಾಗಿ ಇಟ್ಟಿದ್ದ ಮಾನಿಟರ್‌ಗಳ ಮುಂದೆ ನಿಂತು. ಎಲ್ಲದರಲ್ಲೂ ನಾನು ಒಂದೇ ದೋಸೆಯ ಫೋಟೋ ಹಾಕಿಸಿದ್ದೆ.

ನಾನು ಗ್ರಾಫಿಕ್ ಡಿಸೈನರ್. ಹಿಂದಿನ ವಾರವಷ್ಟೇ ಒಂದು ಹೋಟೆಲಿಗೆ ಮಾಡಿಕೊಟ್ಟ ಮೆನು ಕಾರ್ಡುಗಳು ಕಟ್ಟುಗಟ್ಟಲೆ ವಾಪಸ್ ಬಂದಿದ್ದವು. ನನ್ನ ಹಳೆಯ ಪರದೆಯಲ್ಲಿ ಹೊಂಬಣ್ಣದಲ್ಲಿದ್ದ ದೋಸೆ ಅಚ್ಚಿನಲ್ಲಿ ಇದ್ದಿಲಿನಂತೆ ಕಪ್ಪಾಗಿತ್ತು. ಇನ್ನೊಮ್ಮೆ ಹೀಗಾದರೆ ಆ ಗಿರಾಕಿ ಕೈತಪ್ಪುವುದು ಖಚಿತವಾಗಿತ್ತು. ಮೂವತ್ತು ವರ್ಷ ಹೋಟೆಲಿನ ದೋಸೆ ಕಾವಲಿಯ ಮುಂದೆ ನಿಂತು ನಿವೃತ್ತರಾದ ಅಪ್ಪ, ಲೋಕಲ್ ರೈಲಿನಲ್ಲಿ ಮಾನಿಟರ್‌ನ ಡಬ್ಬ ಹಿಡಿದುಕೊಳ್ಳಲು ಒಬ್ಬರು ಬೇಕಲ್ಲ ಎಂದು ಜೊತೆಗೆ ಬಂದಿದ್ದರಷ್ಟೇ.

“ಅಂಕಲ್, ಸಬ್ ಮೇ ಸೇಮ್ ಫೋಟೋ ಹೈ,” ಎಂದು ಸೇಲ್ಸ್‌ಮನ್ ನಕ್ಕ. ಅಪ್ಪ ಕಿವಿಗೇ ಹಾಕಿಕೊಳ್ಳಲಿಲ್ಲ. ಕಣ್ಣು ಕುಕ್ಕುವಂತೆ ಹೊಳೆಯುತ್ತಿದ್ದವನ್ನೆಲ್ಲ ದಾಟಿ, ಮೂಲೆಯಲ್ಲಿದ್ದ ಸಪ್ಪೆ ಮಾನಿಟರ್ ಹತ್ತಿರ ಹೋಗಿ ಬಗ್ಗಿ ನೋಡಿದರು. “ಹಾಂ, ಇದು ಸರಿ ಬೆಂದಿದೆ. ಇದನ್ನೇ ತಕೋ.”

ಅದನ್ನೇ ಕೊಂಡು ತಂದು, ಅದರಲ್ಲಿ ನೋಡಿ ಮೆನುವಿನ ಬಣ್ಣ ತಿದ್ದಿದೆ. ಮರುಮುದ್ರಣದಲ್ಲಿ ದೋಸೆ ಪರದೆಯಲ್ಲಿ ಕಂಡಂತೆಯೇ ಬಂತು.

ಮಗಳ ಕೆಲಸ ಏನೆಂದು ಯಾರಾದರೂ ಕೇಳಿದರೆ ‘ಕಂಪ್ಯೂಟರ್‌ನಲ್ಲಿ ಎಂಥದೋ’ ಎನ್ನುತ್ತಿದ್ದ ಅಪ್ಪ, ಈಗ ಪ್ರತಿ ಫೈಲ್ ಪ್ರೆಸ್‌ಗೆ ಹೋಗುವ ಮೊದಲು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಮೊನ್ನೆ ಇದ್ದದ್ದು ಯಾವುದೋ ವಿಮೆಯ ಜಾಹೀರಾತು. ತುಂಬ ಹೊತ್ತು ನೋಡಿ, “ಇನ್ನೊಂದು ನಿಮಿಷ ಬೇಯ್ಲಿ,” ಎಂದರು. ನಾನು ಬಣ್ಣ ತುಸು ಏರಿಸಿದೆ.