ಅಪ್ಪಯ್ಯನಿಗೆ ತುಟಿಪಾಠ

ನಮ್ಮ ಮನೆಯಲ್ಲಿ ಇಬ್ಬರಿಗೆ ಬಾಯಿಯೇ ಬಂಡವಾಳ. ಅಪ್ಪಯ್ಯ ಹೊಸನಗರದ ಕಡೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ಹೆಡ್‌ಮಾಸ್ತರರು, ಮಳೆಗಾಲ ಬಂತೆಂದರೆ ತಾಳಮದ್ದಳೆಯ ಅರ್ಥಧಾರಿ. ನಾನು ಕಂಡಕಂಡವರನ್ನು ಅಣಕಿಸುವವನು. ಬಸ್ಸಿನ ಕಂಡಕ್ಟರು, ಪೋಸ್ಟ್‌ಮಾಸ್ತರರು, ಮದುವೆಮನೆಯಲ್ಲಿ ಬಡಿಸುವ ಭಟ್ಟರು ಎಲ್ಲರೂ ನನ್ನ ಗಂಟಲಲ್ಲಿ ಬಿಡಾರ ಹೂಡಿದ್ದರು. ನನ್ನನ್ನೂ ನಾನು ಬಿಡುತ್ತಿರಲಿಲ್ಲ. ಗಣಿತದಲ್ಲಿ ಡುಮ್ಕಿ ಹೊಡೆದು ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲ ಕಟ್ಟಿದ ಮಹಾಶಯನೊಬ್ಬ ಫಲಿತಾಂಶದ ಹಲಗೆಯ ಮುಂದೆ ಹೇಗೆ ಉಗುಳು ನುಂಗುತ್ತಾನೆ ಎಂಬುದನ್ನು ಮಾಡಿ ತೋರಿಸಿದರೆ ಗೆಳೆಯರು ಬಿದ್ದು ಬಿದ್ದು ನಗುತ್ತಿದ್ದರು.

ಅಪ್ಪಯ್ಯನ ಶಾಲೆಗೆ ಒಂದೇ ಕಾನೂನು. "ಗೊತ್ತಿದ್ರೆ ಹೇಳು. ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ಊಹೆ ಮಾತ್ರ ಮಾಡ್ಬೇಡ." ಗೊತ್ತಿಲ್ಲ ಎಂದವನು ಪಾರಾಗುತ್ತಿದ್ದ. ಊಹೆ ಮಾಡಿ ಸರಿಯುತ್ತರ ಹೇಳಿದವನಿಗೂ ಬೆತ್ತದ ರುಚಿ ತಪ್ಪುತ್ತಿರಲಿಲ್ಲ.

ಅವರು ನಿವೃತ್ತರಾಗಿ ಮೇಗರವಳ್ಳಿ ಹತ್ತಿರದ ನಮ್ಮೂರಿಗೆ ಬಂದ ಬೇಸಿಗೆಯಲ್ಲೇ ಟೈಫಾಯ್ಡ್ ಹಿಡಿಯಿತು. ಜ್ವರ ಬಿಟ್ಟಿತು, ಹೋಗುವಾಗ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಯಿತು. ನರ ಸತ್ತಿದೆ, ಯಂತ್ರ ಹಾಕಿದರೂ ಉಪಯೋಗವಿಲ್ಲ ಎಂದು ಶಿವಮೊಗ್ಗದ ಡಾಕ್ಟರು ಅಂದರು. ಆ ಮಾತನ್ನು ಅಪ್ಪಯ್ಯನಿಗೆ ನಾನು ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಓದಿ, ಅಂಗೈಯಿಂದ ಒರೆಸಿ, ಸ್ಲೇಟನ್ನು ಮಗುಚಿಟ್ಟರು.

ಅವರನ್ನು ಅದು ಎಲ್ಲಿ ಮುರಿಯಿತೆಂದು ಊರಿಗೇ ಗೊತ್ತಿತ್ತು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಿನಲ್ಲೇ ಕತೆ ಕಟ್ಟುತ್ತಾರೆ. ಬರೆದುಕೊಟ್ಟ ಮಾತೆಂಬುದಿಲ್ಲ. ಎದುರಿನವನು ಏನೆಂದನೋ ಅದಕ್ಕೆ ಅಲ್ಲೇ ಉತ್ತರ ಹುಟ್ಟಬೇಕು. ಕೇಳದವನು ಅಲ್ಲಿ ಕೂರುವುದು ಹೇಗೆ? "ನನ್ನ ಜಾಗಕ್ಕೆ ಬೇರೆಯವ್ರನ್ನ ನೋಡ್ಕಳಿ" ಎಂದು ಭಾಗವತರಿಗೆ ಹೇಳಿ ಕಳಿಸಿ, ಅಪ್ಪಯ್ಯ ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅಮ್ಮನನ್ನು ನಗಿಸಲೆಂದು, ಸದ್ದು ಹೊರಡಿಸದೆ, ಪೋಸ್ಟ್‌ಮಾಸ್ತರರ ಬಾಯಿ ಮಾಡಿದೆ. ಅವರು ಎಡಗಡೆಯ ತುಟಿಯಲ್ಲೇ ಮಾತಾಡುವವರು. ಎದುರು ಕೂತಿದ್ದ ಅಪ್ಪಯ್ಯ ಎತ್ತಿದ ತುತ್ತನ್ನು ಹಾಗೇ ಹಿಡಿದು ನನ್ನ ತುಟಿ ನೋಡಿದರು.

"ಪೋಸ್ಟ್‌ಮಾಸ್ತರ ಸ್ಟಾಂಪು ಮುಗ್ದಿದೆ ಅಂದ, ಅಲ್ಲನಾ?"

ಹೌದು, ನಾನು ಅಂದದ್ದು ಅದನ್ನೇ. ಅಮ್ಮ ಸೌಟು ಕೆಳಗಿಟ್ಟಳು.

ಮಾರನೇ ದಿನದಿಂದ ಜಗಲಿಯಲ್ಲಿ ಶಾಲೆ ಶುರುವಾಯಿತು. ಮಾಸ್ತರು ನಾನು, ವಿದ್ಯಾರ್ಥಿ ಅಪ್ಪಯ್ಯ. ಈ ಸುಯೋಗ ಬಿಟ್ಟೇನೆಯೇ? ಅವರದೇ ಠೀವಿಯಲ್ಲಿ ಇಲ್ಲದ ಕನ್ನಡಕದ ಮೇಲಿಂದ ನೋಡಿದೆ, ಬೆತ್ತವಿಲ್ಲದ ಕೈಯನ್ನು ಬೆತ್ತವಿದ್ದಂತೆಯೇ ಆಡಿಸಿದೆ.

"ಅಣಕ್ಸೋದಾದ್ರೆ ಸರಿಯಾಗಿ ಅಣಕ್ಸಾ," ಎಂದರು ಅಪ್ಪಯ್ಯ. "ನಾನು ಬೆತ್ತ ಹಿಡೀತಿದ್ದಿದ್ದು ಎಡಗೈಲಿ."

ದಿನಕ್ಕೊಬ್ಬರಂತೆ ಊರವರ ಬಾಯಿ ಮಾಡಿ ನಾನು ಸದ್ದಿಲ್ಲದೆ ಮಾತಾಡಬೇಕು, ಅವರು ತುಟಿ ನೋಡಿ ಹೇಳಬೇಕು. ಪಾಠ ಮಾತ್ರ ತಮಾಷೆಯಾಗಿರಲಿಲ್ಲ. ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ. ಕ, ಗ ಗಂಟಲಲ್ಲೇ ಅಡಗಿ ಕೂತುಬಿಡುತ್ತವೆ. ಕಂಡದ್ದು ಅರ್ಧ, ಉಳಿದರ್ಧವನ್ನು ಮುಖ ನೋಡಿ, ಸಂದರ್ಭ ನೋಡಿ ತುಂಬಿಕೊಳ್ಳಬೇಕು. ಎಂದರೆ ಊಹಿಸಬೇಕು. ಅದೇ ಅವರಿಂದ ಆಗದು. ನಾನು ಏನಾದರೂ ಅಂದರೆ ಬಹಳ ಹೊತ್ತು ನೋಡಿ, "ಗೊತ್ತಾಗ್ಲಿಲ್ಲ" ಎನ್ನುತ್ತಿದ್ದರು. ಗೊತ್ತಾಗಿದೆ ಎಂದು ಅವರ ಕಣ್ಣು ಹೇಳುತ್ತಿದ್ದರೂ ಬಾಯಿ ಒಪ್ಪುತ್ತಿರಲಿಲ್ಲ. ಕೊನೆಗೆ ನಾನು ಸ್ಲೇಟು ತಂದು ದೊಡ್ಡದಾಗಿ ಬರೆದೆ: ಈ ಶಾಲೆಯಲ್ಲಿ ಊಹೆ ಮಾಡದವರಿಗೆ ಬೆತ್ತ.

ಅವರು ಅದನ್ನು ಓದಿ, ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡರು. "ಎಷ್ಟು ಹುಡುಗ್ರಿಗೆ ಹೊಡ್ದೆನಾ ನಾನು," ಎಂದರು. ನಾನು ಅವತ್ತು ಯಾರನ್ನೂ ಅಣಕಿಸಲಿಲ್ಲ.

ಬೇಸಿಗೆ ರಜೆ ಮುಗಿದು ನಾನು ಸಾಗರದ ಕಾಲೇಜಿಗೆ ಹೊರಡುವ ಹೊತ್ತಿಗೆ ಅಪ್ಪಯ್ಯ ನನ್ನ ಮಾತಿಗೆಲ್ಲ ಉತ್ತರ ಕೊಡುತ್ತಿದ್ದರು. ನಾನೇ ಪರೀಕ್ಷೆ ಮಾಡಿ, ನಾನೇ ಪಾಸು ಎಂದು ಘೋಷಿಸಿದೆ. ಭಾಗವತರಿಗೂ ಹೇಳಿ ಕಳಿಸಿದ್ದಾಯಿತು. ಶ್ರಾವಣದ ಒಂದು ಭಾನುವಾರ, ಮಧ್ಯಾಹ್ನದ ಊಟವಾದ ಮೇಲೆ, ಪಕ್ಕದೂರಿನ ಒಂದು ಚಾವಡಿಯಲ್ಲಿ ತಾಳಮದ್ದಳೆ. ನಾನೂ ಸಾಗರದಿಂದ ಬಂದೆ.

ಅಪ್ಪಯ್ಯನದು ದಂಡೆತ್ತಿ ಹೊರಟ ರಾಜ. ಅವರ ಹಳೆಯ ಜೋಡಿ, ಮಂಡಗದ್ದೆ ಕಡೆಯ ಜಮೀನ್ದಾರರು, ಬೇಡವೆನ್ನುವ ಮಂತ್ರಿ. ಅಪ್ಪಯ್ಯ ಪೀಠಿಕೆ ಎತ್ತಿದರು. ಸ್ವರ ತುಸು ಏರಿತ್ತು, ಆದರೆ ಅದೇ ಗತ್ತು. ಜನ ತಲೆದೂಗಿದರು. ನಾನು ಮಾಸ್ತರ ಠೀವಿಯಲ್ಲಿ ಕಂಬಕ್ಕೆ ಒರಗಿ ಕೂತೆ.

ಆಮೇಲೆ ಮಂತ್ರಿ ಬಾಯಿ ತೆರೆದರು. ತೆರೆದರು ಎಂದರೆ, ತೆರೆಯಲಿಲ್ಲ. ಅವರ ಬಲಗೆನ್ನೆಯಲ್ಲಿ ಎಲೆಯಡಿಕೆಯ ಕವಳ ಇಟ್ಟ ಹಾಗೇ ಇತ್ತು. ರಸ ತುಳುಕದಂತೆ ತುಟಿ ಬಿಗಿಹಿಡಿದು, ಗದ್ದ ಮೇಲಕ್ಕೆತ್ತಿ, ಗಂಟಲಲ್ಲೇ ಮಾತಾಡುತ್ತಿದ್ದರು. ನಮ್ಮ ಕಡೆ ಯಾರು ಹಾಗೆ ಮಾತಾಡುವುದಿಲ್ಲ? ಅಪ್ಪಯ್ಯನೂ ಅರ್ಥ ಹೇಳಿದ್ದೆಲ್ಲ ಕವಳ ಹಾಕಿಕೊಂಡೇ. ಇಡೀ ಊರಿನ ಬಾಯಿಗಳನ್ನು ಜಗಲಿಗೆ ಹೊತ್ತು ತಂದಿದ್ದ ಮಹಾ ಮಾಸ್ತರನಾದ ನಾನು ಒಂದೇ ಒಂದು ಬಾಯಿಯನ್ನೂ ಕವಳ ಹಾಕಿ ತಂದಿರಲಿಲ್ಲ.

ಮಂತ್ರಿಯ ಮಾತು ಮುಗಿಯಿತು. ರಾಜ ಸುಮ್ಮನಿದ್ದರು. ಭಾಗವತರು ತಾಳ ಮೆಲ್ಲಗೆ ತಟ್ಟಿದರು. ರಾಜನ ಕಣ್ಣು ಮಂತ್ರಿಯ ತುಟಿಯ ಮೇಲೇ ನೆಟ್ಟಿತ್ತು, ನನ್ನ ಕಡೆ ತಿರುಗಲಿಲ್ಲ. ಜಮೀನ್ದಾರರಿಗೆ ಹೊಳೆದು ಮತ್ತೊಮ್ಮೆ ಹೇಳಿದರು, ಗಟ್ಟಿಯಾಗಿ, ಕವಳದ ಸಮೇತ. ಹತ್ತಿರ ಕೂತವರು ನನ್ನ ತೊಡೆ ತಿವಿದರು.

"ಉತ್ತರ ನೀ ಹೇಳಾ. ಅಪ್ಪಯ್ಯನ ಸ್ವರ ನಿನ್ ಹತ್ರ ಇದ್ಯಲ್ಲ."

ಸ್ವರ ಇತ್ತು. ಉತ್ತರ ಇರಲಿಲ್ಲ.

ಅಪ್ಪಯ್ಯ ಭಾಗವತರಿಗೆ ಕೈಮುಗಿದು ಎದ್ದರು. ಆ ಜಾಗದಲ್ಲಿ ಬೇರೊಬ್ಬರು ಕೂತು ರಾಜನಾದರು. ಗದ್ದೆಯ ಅಂಚಿನ ಮೇಲೆ ಅವರು ಮುಂದೆ, ನಾನು ಹಿಂದೆ ನಡೆದೆವು. ಬೆನ್ನಿಗೆ ಏನು ಹೇಳಿದರೂ ತಲುಪುವುದಿಲ್ಲ.

ಮನೆಗೆ ಬಂದು ಕಾಲು ತೊಳೆದು, ಅಪ್ಪಯ್ಯ ಎಲೆಯಡಿಕೆ ತಟ್ಟೆಯನ್ನು ಜಗಲಿಗೆ ತಂದರು. ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ, ನನ್ನ ಕಡೆ ಚಾಚಿದರು. ನಮ್ಮಲ್ಲಿ ಅಪ್ಪನೆದುರು ಮಗ ಕವಳ ಹಾಕುವುದಿಲ್ಲ. ನಾನು ಕೈ ನೀಡಲಿಲ್ಲ.

"ಹಾಕ್ಕಳಾ."

ಹಾಕಿಕೊಂಡೆ.

"ಅವ್ನು ಇವತ್ತು ಎಂಥ ಅಂದ? ಅವ್ನು ಅಂದ ಹಾಗೇ ಅನ್ನು."

ತುಟಿ ಬಿಗಿದು, ಗದ್ದ ಎತ್ತಿ, ಜಮೀನ್ದಾರರಾದೆ. ರಸ ಗದ್ದಕ್ಕಿಳಿದು ಅಂಗಿಯ ಮೇಲೆ ಬಿತ್ತು. ಬಾಗಿಲಲ್ಲಿ ನಿಂತ ಅಮ್ಮ ನಗಲಿಲ್ಲ. ಅಪ್ಪಯ್ಯ ನನ್ನ ಬಾಯಿಯನ್ನಲ್ಲ, ಕೆನ್ನೆಯನ್ನೂ ಗಂಟಲನ್ನೂ ನೋಡುತ್ತಿದ್ದರು.

"ಇನ್ನೊಂದ್ಸಲ."

ಅಂದೆ.

"ಇನ್ನೊಂದ್ಸಲ... ಗೆದ್ದ ಮೇಲೆ ಯಾರನ್ನ ಆಳ್ತೀರಿ, ಬೂದಿಯನ್ನಾ? ಅದೇ ಅಲ್ಲನಾ?"

ನಾನು ಹೌದೆಂದು ತಲೆಯಾಡಿಸಿದೆ. ಅಪ್ಪಯ್ಯ ನೆಟ್ಟಗೆ ಕೂತರು. ಮಧ್ಯಾಹ್ನ ಚಾವಡಿಯಲ್ಲಿ ಬರದೇ ಹೋದದ್ದು ಈಗ ಬಂತು.

"ಮಂತ್ರಿಗಳೇ, ಬೂದಿಯ ಮಾತನ್ನು ಇಂದು ಆಡುತ್ತಿದ್ದೀರಿ. ಕಿಡಿ ಬಿದ್ದ ದಿನ ನನ್ನ ಆಸ್ಥಾನದಲ್ಲಿ ಕೂತು ಅಂಗೈ ಕಾಯಿಸಿಕೊಂಡವರು ಯಾರು?"

ಇದಕ್ಕೆ ಜಮೀನ್ದಾರರು ಏನನ್ನುತ್ತಿದ್ದರೋ ನನಗೆ ಗೊತ್ತಿರಲಿಲ್ಲ. ಅವರು ಅಂದದ್ದಷ್ಟೇ ನನ್ನ ಹತ್ತಿರ ಇತ್ತು. ಅಪ್ಪಯ್ಯನ ಕಣ್ಣು ನನ್ನ ತುಟಿಯ ಮೇಲಿತ್ತು.

"ಗೊತ್ತಿಲ್ಲ ಅನ್ಬೇಡ," ಎಂದರು. "ನೀನೇ ಮಂತ್ರಿ ಈಗ. ಹೇಳು."